ಮೂಲ ಕಾರಣ: ಅಪ್ಪ

ಮಗು ರಾತ್ರಿ ಮಲಗುವುದಿಲ್ಲ ಎಂದು ಯಾರಾದರೂ ಗೋಳು ತೋಡಿಕೊಂಡರೆ ದಯವಿಟ್ಟು ಅವರನ್ನು ನನ್ನ ಹತ್ತಿರ ಕಳಿಸಬೇಡಿ. ನನಗೆ ಪರಿಹಾರ ಗೊತ್ತಿಲ್ಲ ಎಂದಲ್ಲ, ಚೆನ್ನಾಗಿ ಗೊತ್ತಿದೆ. ನನ್ನ ಮಗಳ ಮೇಲೆ ಪ್ರಯೋಗಿಸಿ, ನೂರಕ್ಕೆ ನೂರು ಯಶಸ್ವಿಯಾಗಿ, ಅದಕ್ಕೊಂದು ಪ್ರಶಸ್ತಿಯನ್ನೂ ಹೊಡೆದುಕೊಂಡು ಬಂದಿದ್ದೇನೆ. ಆ ಪ್ರಶಸ್ತಿ ಈಗ ಟಿವಿಯ ಹಿಂದೆ ಗೋಡೆಗೆ ಮುಖ ಮಾಡಿಕೊಂಡು ನಿಂತಿದೆ. ಹಾಗೆ ನಿಲ್ಲಿಸಿದವನೂ ನಾನೇ.

ನಾನು ಗುರುರಾಜ. ಊರು ರಾಣೆಬೆನ್ನೂರು. ಅತ್ತಿಬೆಲೆಯಲ್ಲಿ ಬಾಟಲಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದವನು. (ಮುಚ್ಚಳ ತಿರುಗದೆ ನಿಮ್ಮ ಅಂಗೈ ಯಾವತ್ತಾದರೂ ಕೆಂಪಾಗಿದ್ದರೆ ಅದು ಬೇರೆ ಕಂಪನಿಯ ಮುಚ್ಚಳ. ನಮ್ಮದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.) ಹೆಂಡತಿ ರಕ್ಷಿತಾ ಚಂದಾಪುರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಮನೆಯೂ ಚಂದಾಪುರದಲ್ಲೇ, ಚಿಕ್ಕಮುನಿಯಪ್ಪನವರ ಮನೆಯ ಮಹಡಿಯ ಮೇಲೆ. ಮಗಳಿಗೆ ಆಗ ಎರಡು ವರ್ಷ ಎರಡು ತಿಂಗಳು. ನಮ್ಮ ಅಜ್ಜಿ ರುದ್ರಮ್ಮನ ಹೆಸರೇ ಇಡಬೇಕೆಂದು ಊರಿನವರು, ಹಾಗೇ ಇಟ್ಟರೆ ಪ್ಲೇಹೋಮಿನಲ್ಲಿ ಮಕ್ಕಳು ನಗುತ್ತಾರೆಂದು ರಕ್ಷಿತಾ. ಕೊನೆಗೆ ರುದ್ರಿಕಾ ಎಂದು ರಾಜಿಯಾಗಿ, ಎಲ್ಲರೂ ಕರೆಯುವುದು ಮಾತ್ರ ಪುಟ್ಟವ್ವ ಎಂದಾಯಿತು.

ನನ್ನದು ಮೂರು ಪಾಳಿಯ ಕೆಲಸ. ಒಂದು ವಾರ ಬೆಳಗಿನ ಆರರಿಂದ, ಮುಂದಿನ ವಾರ ಮಧ್ಯಾಹ್ನ ಎರಡರಿಂದ, ಅದರ ಮುಂದಿನ ವಾರ ರಾತ್ರಿ ಹತ್ತರಿಂದ. ಕಾರ್ಖಾನೆಯಲ್ಲಿ ನನ್ನ ಕೈಕೆಳಗಿನವರಾರೂ ಈ ಪಾಳಿಗಳಿಗೆ ಸರಿಯಾಗಿ ಒಗ್ಗಿಕೊಂಡಿರಲಿಲ್ಲ. ಒಗ್ಗಿಕೊಂಡಿದ್ದವಳು ಪುಟ್ಟವ್ವ ಒಬ್ಬಳೇ. ಬೆಳಗಿನ ಪಾಳಿಯ ವಾರದಲ್ಲಿ ನನ್ನ ಜೊತೆಯೇ ನಾಲ್ಕೂವರೆಗೆ ಎದ್ದು, ಬಚ್ಚಲಮನೆಯ ಹೊಸ್ತಿಲ ಮೇಲೆ ಕೂತು ನಾನು ಗಡ್ಡ ಕೆರೆದುಕೊಳ್ಳುವುದರ ಮೇಲ್ವಿಚಾರಣೆ ಮಾಡುತ್ತಿದ್ದಳು. ಮಧ್ಯಾಹ್ನದ ಪಾಳಿಯ ವಾರದಲ್ಲಿ ನಾನು ರಾತ್ರಿ ಬಂದು ಉಣ್ಣುವಾಗ ಎದುರಿಗೆ ಚಕ್ಕಂಬಕ್ಕಳ ಹಾಕಿಕೊಂಡು ಎರಡನೇ ಊಟಕ್ಕೆ ಕೂರುತ್ತಿದ್ದಳು.

ಇನ್ನು ರಾತ್ರಿ ಪಾಳಿಯ ವಾರ. ಅದನ್ನು ನೆನೆದರೆ ಇವತ್ತಿಗೂ ಎದೆ ಖಾಲಿ ಖಾಲಿ ಅನ್ನಿಸುತ್ತದೆ. ಬೆಳಿಗ್ಗೆ ಏಳಕ್ಕೆ ನಾನು ಬರುತ್ತಿದ್ದೆ, ಎಂಟಕ್ಕೆ ರಕ್ಷಿತಾ ಶಾಲೆಗೆ ಹೊರಡುತ್ತಿದ್ದಳು. ಒಂಬತ್ತಕ್ಕೆ ಕಿಟಕಿಯ ಪರದೆ ಎಳೆದು ನಾನು ಅಂಗಾತ ಬಿದ್ದುಕೊಂಡರೆ ಪುಟ್ಟವ್ವ ಮಂಚ ಹತ್ತಿ, ನನ್ನ ಹೊಟ್ಟೆಯ ಮೇಲೆ ಮೊಣಕಾಲೂರಿ (ಅಲ್ಲಿ ಆಗತಾನೆ ಕ್ಯಾಂಟೀನಿನ ಉಪ್ಪಿಟ್ಟು ಇರುತ್ತಿತ್ತು), ಎದೆಯ ಮೇಲೆ ಬೋರಲು ಮಲಗಿ, ಒಂದು ಕೈಯಿಂದ ನನ್ನ ಕಿವಿ ಹಿಡಿದುಕೊಳ್ಳುತ್ತಿದ್ದಳು. ಎರಡು ನಿಮಿಷ. ಅಷ್ಟರಲ್ಲಿ ಅವಳ ಭಾರ ಇದ್ದಕ್ಕಿದ್ದಂತೆ ಹೆಚ್ಚಾಗುತ್ತಿತ್ತು. ನಿದ್ದೆ ಹೋದ ಮಗು ಎಚ್ಚರವಿರುವ ಮಗುವಿಗಿಂತ ಭಾರ ಎಂಬುದನ್ನು ಎದೆಯ ಮೇಲೆ ಮಲಗಿಸಿಕೊಂಡವರೆಲ್ಲ ಬಲ್ಲರು. ಕೈಗೆ ಜೋಮು ಹಿಡಿದರೂ ನಾನು ಮಗ್ಗುಲಾಗುತ್ತಿರಲಿಲ್ಲ. ನನ್ನ ಬನಿಯನ್ನುಗಳ ಮೇಲೆಲ್ಲ ಜೊಲ್ಲಿನ ಕಲೆ ಖಾಯಂ ಆಗಿತ್ತು. ಮಧ್ಯಾಹ್ನ ಒಂದರವರೆಗೆ ಅಪ್ಪ ಮಗಳು ಇಬ್ಬರೂ ಮಾಡುತ್ತಿದ್ದ ಆ ನಿದ್ದೆಯನ್ನು ನಾನು ಮದುವೆಗೆ ಮೊದಲಾಗಲಿ ಆಮೇಲಾಗಲಿ ಮಾಡಿದವನಲ್ಲ.

ಇದರ ದಂಡ ತೆರುತ್ತಿದ್ದವಳು ರಕ್ಷಿತಾ. ಹಗಲೆಲ್ಲ ಸೊಂಪಾಗಿ ಮಲಗಿದ ಪುಟ್ಟವ್ವ ರಾತ್ರಿ ಒಂದು ಗಂಟೆಗೆ ಅರಳುತ್ತಿದ್ದಳು. ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಹೋಗುವವರು ಬರುವವರಿಗೆ ಒಂದು ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟು ಹೋಗುವ ಪದ್ಧತಿಯಿದೆ. ಆ ಪದ್ಧತಿಯನ್ನು ನಾನು ಮನೆಗೂ ತಂದಿದ್ದೆ. ರಕ್ಷಿತಾ ಟೀಚರಾದ್ದರಿಂದ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದಳು. “ಹಾಲು ಅರ್ಧ ಲೋಟ. ಇಡ್ಲಿ ಒಂದೂವರೆ, ಅದರಲ್ಲಿ ಅರ್ಧ ಗೋಡೆಗೆ. ನಿದ್ದೆ ಇಲ್ಲ. ಒಂದೂವರೆಯಿಂದ ಮೂರರ ತನಕ ಆಟಿಕೆ ಪಾತ್ರೆಯಲ್ಲಿ ನನಗೆ ಹದಿನೇಳು ಸಲ ಚಹಾ ಕೊಟ್ಟಳು. ಷರಾ: ಥೇಟ್ ನಿಮ್ಮ ಮಗಳೇ.” ನಾನು ಕೆಳಗೆ ನೀಲಿ ಶಾಯಿಯಲ್ಲಿ “ಗಮನಿಸಲಾಗಿದೆ” ಎಂದು ಬರೆದು ಸಹಿ ಹಾಕಿ ಮಲಗಿಬಿಡುತ್ತಿದ್ದೆ. ಎಂಥ ಗಂಡ ನೋಡಿ.

ಹೀಗೇ ನಡೆಯುತ್ತಿತ್ತೇನೋ. ಆದರೆ ಏಳನೇ ತರಗತಿಯ ಕಿರುಪರೀಕ್ಷೆಯ ದಿನ ಮೇಲ್ವಿಚಾರಣೆಗೆ ಕೂತ ರಕ್ಷಿತಾ ಕುರ್ಚಿಯಲ್ಲೇ ನಿದ್ದೆ ಹೋದಳು. ನಲವತ್ತು ನಿಮಿಷ. ಎದ್ದು ನೋಡಿದರೆ ಮಕ್ಕಳೆಲ್ಲ ಬಹಳ ಶಾಂತವಾಗಿ ಕೂತಿದ್ದವಂತೆ. ಉತ್ತರ ಪತ್ರಿಕೆ ತಿದ್ದುವಾಗ ಗೊತ್ತಾಯಿತು, ಮೂವತ್ತೆಂಟು ಮಕ್ಕಳೂ ಮನುಷ್ಯನ ಹೃದಯದಲ್ಲಿ ಆರು ಕೋಣೆಗಳಿವೆ ಎಂದು ಬರೆದಿದ್ದವು. ಒಬ್ಬನಂತೂ ಅದರಲ್ಲಿ ಎರಡು ಬಾಡಿಗೆಗೆ ಎನ್ನುವಂತೆ ಚಿತ್ರವನ್ನೂ ಬಿಡಿಸಿದ್ದ. ಹೆಡ್‌ಮಿಸ್ಸು ಕರೆದು, ಇನ್ನೊಂದು ಸಲ ಹೀಗಾದರೆ ಮನೆಯಲ್ಲೇ ಮಲಗಿಕೊಳ್ಳಿ ಎಂದರಂತೆ.

ಆ ಸಂಜೆ ರಕ್ಷಿತಾ ವ್ಯಾನಿಟಿ ಬ್ಯಾಗನ್ನು ಸೋಫಾದ ಮೇಲೆ ಎಸೆದ ರೀತಿಯಲ್ಲೇ ನನಗೆ ವಿಷಯ ತಿಳಿಯಿತು.

“ಏನ್ರಿ, ನಿಮಗ ಮುಚ್ಚಳ ಮಾಡೋದು ಒಂದ ಗೊತ್ತೇನು? ಈ ಕೂಸಿನ ಕಣ್ಣ ಮುಚ್ಚಸಾಕ ಬರೂದಿಲ್ಲ?”

“ಹಗಲೊತ್ತಿನ್ಯಾಗ ಮುಚ್ಚಸ್ತೀನಲ್ಲ.”

“ಅದ ನೋಡ್ರಿ ರೋಗ! ನೀವು ಹಗಲ ಮುಚ್ಚಸ್ತೀರಿ, ಅಕಿ ರಾತ್ರಿ ನನ್ನ ಕಣ್ಣ ತಗಸ್ತಾಳ. ಇನ್ನೊಂದು ತಿಂಗಳು ಹಿಂಗ ನಡದ್ರ ನಾ ನೌಕರಿ ಬಿಡಬೇಕಾಕ್ಕೇತಿ. ಇಲ್ಲಾ ನಿಮ್ಮನ್ನ ಬಿಡಬೇಕಾಕ್ಕೇತಿ. ಯಾವುದು ಅಂತ ನೀವ ಹೇಳ್ರಿ.”

ಎರಡರಲ್ಲಿ ಅವಳಿಗೆ ಯಾವುದು ಸುಲಭ ಎಂದು ನನಗೆ ಅನುಮಾನವೇ ಇರಲಿಲ್ಲ. ಪಾಪ, ಕಣ್ಣ ಕೆಳಗೆ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿತ್ತು. ಆಗ ನನಗೆ ಆ ಮಹೋನ್ನತ ಆಲೋಚನೆ ಹೊಳೆಯಿತು. ಅದು ಹೊಳೆಯುವ ಹೊತ್ತಿಗೆ ಕರೆಂಟಾದರೂ ಹೋಗಬಾರದಿತ್ತೇ ಎಂದು ಈಗ ಅಂದುಕೊಳ್ಳುತ್ತೇನೆ.

ನಮ್ಮ ಕಾರ್ಖಾನೆಯಲ್ಲಿ ಮುಚ್ಚಳ ಸೊಟ್ಟಗಾದರೆ ಯಾರನ್ನೂ ಬೈಯುವುದಿಲ್ಲ. ‘ಏಕೆ’ ಎಂದು ಐದು ಸಲ ಕೇಳುತ್ತೇವೆ. ಐದನೆಯ ಏಕೆಯ ಉತ್ತರವೇ ಮೂಲ ಕಾರಣ. ಅದನ್ನು ಕಿತ್ತುಹಾಕಿದರೆ ಆಯಿತು. ಈ ವಿದ್ಯೆಯಲ್ಲಿ ನನಗೆ ಎರಡು ದಿನದ ತರಬೇತಿ, ಒಂದು ಸರ್ಟಿಫಿಕೇಟು, ಒಂದು ಪೆನ್ನು ಸಿಕ್ಕಿದ್ದವು. ಅದೇ ಪೆನ್ನಿನಿಂದ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ.

ಮಗು ರಾತ್ರಿ ಏಕೆ ಮಲಗುವುದಿಲ್ಲ? ಹಗಲು ಮಲಗುವುದರಿಂದ. ಹಗಲು ಏಕೆ ಮಲಗುತ್ತದೆ? ಅಪ್ಪ ಮಲಗುವುದರಿಂದ. ಅಪ್ಪ ಮಲಗಿದರೆ ಮಗು ಏಕೆ ಮಲಗಬೇಕು? ಅಪ್ಪನ ಎದೆಯ ಮೇಲಲ್ಲದೆ ಅದಕ್ಕೆ ಬೇರೆಲ್ಲೂ ಸುಖನಿದ್ದೆ ಇಲ್ಲದ್ದರಿಂದ. ಅಪ್ಪನ ಎದೆಯೇ ಏಕೆ? ಮೂರನೇ ತಿಂಗಳಿಂದ ಅಪ್ಪನೇ ರೂಢಿ ಮಾಡಿಸಿದ್ದರಿಂದ. ಅಪ್ಪ ಏಕೆ ರೂಢಿ ಮಾಡಿಸಿದ?

ಇಲ್ಲಿ ಪೆನ್ನು ನಿಂತಿತು. ಉತ್ತರ ನನಗೆ ಗೊತ್ತಿತ್ತು. ಅವನಿಗೆ ಅದು ಇಷ್ಟವಾಗಿದ್ದರಿಂದ. ಆದರೆ ಅಂಥ ಉತ್ತರವನ್ನು ಯಾವ ಇಂಜಿನಿಯರು ಬರೆಯುತ್ತಾನೆ? ಕಾರ್ಖಾನೆಯಲ್ಲಿ ಐದನೆಯ ಏಕೆಗೆ ಏನೂ ತೋಚದಿದ್ದಾಗ ನಾವೆಲ್ಲ ಬರೆಯುವುದು ಒಂದೇ ಉತ್ತರ. ನಾನೂ ಅದನ್ನೇ ಬರೆದೆ: “ತರಬೇತಿಯ ಕೊರತೆಯಿಂದ.”

ರಕ್ಷಿತಾ ಓದಿ, “ಅಂದ್ರ ಮೂಲ ಕಾರಣ ನೀವು” ಅಂದಳು. “ಇದಕ್ಕ ಕ್ಯಾಲೆಂಡರ್ ಯಾಕ ಹರದ್ರಿ? ನನ್ನ ಕೇಳಿದ್ರ ಹೇಳತಿದ್ದೆ.”

ಮರುದಿನವೇ ನಮ್ಮ ಸೀನಿಯರ್ ಮ್ಯಾನೇಜರ್ ವೆಂಕಟರಮಣಪ್ಪನವರಿಗೆ ಅರ್ಜಿ ಕೊಟ್ಟೆ. ಕಂಪನಿಯ ಎರಡೂ ಕಾರ್ಖಾನೆಗಳ ಜನರನ್ನು ಅತ್ತಿತ್ತ ಹಾಕುವ ಅಧಿಕಾರ ಅವರದು. ಅರ್ಜಿಯ ಭಾಷೆ ನನ್ನದೇ: “ಮೇಲ್ಕಂಡ ವಿಶ್ಲೇಷಣೆಯಿಂದ ಮಗುವಿನ ನಿದ್ರಾದೋಷಕ್ಕೆ ತಂದೆಯ ಹಾಜರಿಯೇ ಮೂಲ ಕಾರಣವೆಂದು ಸಿದ್ಧವಾಗಿರುತ್ತದೆ. ಆದಕಾರಣ ಸದರಿ ಕಾರಣವನ್ನು ಪಾಳಿಯಿಂದ ತೆಗೆದು ಜನರಲ್ ಶಿಫ್ಟಿಗೆ ಹಾಕಬೇಕಾಗಿ ಪ್ರಾರ್ಥನೆ.”

ವೆಂಕಟರಮಣಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. “ಸೂಪರಾಗ್ ಬರ್ದಿದೀರ ಕಣ್ರೀ ಗುರುರಾಜ್! ಇಷ್ಟ್ ನೀಟಾಗಿ ರೂಟ್ ಕಾಸ್ ಬರ್ದಿರೋದು ನನ್ ಸರ್ವೀಸಲ್ಲೇ ನೋಡಿಲ್ಲ. ಆದ್ರೆ ಜನರಲ್ ಶಿಫ್ಟ್ ಇಲ್ಲಿ ಖಾಲಿ ಇಲ್ಲ. ಪೀಣ್ಯ ಪ್ಲಾಂಟಲ್ಲಿದೆ. ದೂರ ಆಗುತ್ತಲ್ಲ?”

ಚಂದಾಪುರ ಬೆಂಗಳೂರಿನ ಒಂದು ತುದಿ, ಪೀಣ್ಯ ಇನ್ನೊಂದು ತುದಿ. ನಡುವೆ ಇಡೀ ಬೆಂಗಳೂರು ಅಡ್ಡಡ್ಡ ಮಲಗಿದೆ. ಆದರೆ ನಾನು ಎದೆ ಸೆಟೆಸಿ ಹೇಳಿದೆ: “ಮೂಲ ಕಾರಣ ಎಷ್ಟು ದೂರ ಹೋದ್ರ ಅಷ್ಟು ಚಲೋ ಸರ್.”

ಹೋಗುವ ಮೊದಲು ಸಿಕ್ಕ ಒಂದು ವಾರದ ರಜೆಯಲ್ಲಿ ನಾನು ಮನೆಗೆ ಕಾರ್ಯವಿಧಾನ ಬರೆದೆ. ನಮ್ಮದು ಒಂದೇ ಮಲಗುವ ಕೋಣೆಯ ಮನೆ. ಆ ಕೋಣೆಯನ್ನು ಪುಟ್ಟವ್ವನಿಗೆ ಬಿಟ್ಟು, ಅಡ್ಡಪಟ್ಟಿಯ ಪುಟ್ಟ ಮಂಚವೊಂದನ್ನು ತಂದು ಹಾಕಿ, ನಾವಿಬ್ಬರೂ ಹಾಲಿಗೆ ಬಂದೆವು. ನಿಯಮಗಳು ಹೀಗಿದ್ದವು. ಒಂದು, ರಾತ್ರಿ ಎಂಟಕ್ಕೆ ದೀಪ ಆರತಕ್ಕದ್ದು. ಎರಡು, ಮಗು ತನ್ನ ಮಂಚದಲ್ಲಿ ತಾನೇ ಮಲಗತಕ್ಕದ್ದು. ಎದೆ, ಹೊಟ್ಟೆ, ಹೆಗಲು, ತೊಡೆ ಇತ್ಯಾದಿ ಅಂಗಗಳ ಬಳಕೆ ನಿಷಿದ್ಧ. ಮೂರು, ಹಗಲು ನಿದ್ದೆ ಒಂದು ಗಂಟೆ ಮಾತ್ರ. ನಾಲ್ಕು, ಮಗು ಮಲಗಿದ ಮೇಲೆ ಕೋಣೆಗೆ ಯಾರೂ ಹೋಗತಕ್ಕದ್ದಲ್ಲ. ಮುಟ್ಟುವುದು, ಮುದ್ದಿಡುವುದು, ಹೆಸರು ಹಿಡಿದು ಕರೆಯುವುದು ಕೂಡದು. ಐದು, ಯಾವ ದರ್ಜೆಯವರಿಗೂ ವಿನಾಯಿತಿ ಇಲ್ಲ. ಕೆಳಗೆ ‘ತಯಾರಿಸಿದವರು’ ಎಂದು ನನ್ನ ಸಹಿ, ‘ಅನುಮೋದಿಸಿದವರು’ ಎಂದು ರಕ್ಷಿತಾಳ ಸಹಿ. ಎರಡು ಪ್ರತಿ ಮಾಡಿ ಲ್ಯಾಮಿನೇಷನ್ ಮಾಡಿಸಿ, ಒಂದನ್ನು ಕೋಣೆಯ ಬಾಗಿಲಿಗೆ ಅಂಟಿಸಿದೆ. ಇನ್ನೊಂದನ್ನು ಕೆಳಗಿನ ಮನೆಗೆ ಕೊಟ್ಟೆ, ಯಾಕೆಂದರೆ ರಕ್ಷಿತಾ ಶಾಲೆಯಿಂದ ಬರುವವರೆಗೆ ಪುಟ್ಟವ್ವನನ್ನು ನೋಡಿಕೊಳ್ಳುವವರು ಚಿಕ್ಕಮುನಿಯಪ್ಪನವರ ಹೆಂಡತಿ ಚಿಕ್ಕಮುನಿಯಮ್ಮ. ಎಂಟು ಮಕ್ಕಳನ್ನೂ ಹದಿನಾಲ್ಕು ಮೊಮ್ಮಕ್ಕಳನ್ನೂ ಮಲಗಿಸಿದ ಕೈ.

ಆಯಮ್ಮ ಲ್ಯಾಮಿನೇಷನ್ನನ್ನು ತಿರುಗಿಸಿ ಮುರುಗಿಸಿ ನೋಡಿದರು. “ಏನಪ್ಪ ಇದು, ರೇಷನ್ ಕಾಲ್ಡ್ ಇದ್ದಂಗೈತೆ?”

“ಕೂಸು ಹೆಂಗ ಮಲಗಬೇಕು ಅಂತ ಬರದೀನಿ ಅಜ್ಜಿ.”

“ಮಗೀಗೆ ಓದಾಕ್ ಬತ್ತದಾ?”

“ಇಲ್ಲ.”

“ಮತ್ತೆ ಅದ್ಕೆ ಎಂಗೆ ತಿಳೀತದೆ? ನೋಡಪ್ಪ, ನಿನ್ ಎದೆ ಮ್ಯಾಲೆ ಮಲಗ್ತದೆ ಅಂದ್ರೆ ಮಲಗ್ಲಿ ಬಿಡು. ಎಷ್ಟ್ ದಿನ ಮಲಗೀತು? ಆಮ್ಯಾಕೆ ನೀನು ಕರೆದ್ರೂ ಬರಾಕಿಲ್ಲ.”

ಹಳೆಯ ಕಾಲದವರಿಗೆ ವೈಜ್ಞಾನಿಕ ದೃಷ್ಟಿ ಇರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಕ್ಷಮಿಸಿದೆ.

ಮೂರು ದಿನ ಪುಟ್ಟವ್ವ ಅತ್ತಳು. “ಅಪ್ಪ, ಎದಿ! ಅಪ್ಪ, ಎದಿ!” ಎಂದು ಹೆಸರಿಟ್ಟು ಅತ್ತಳು. ಬಾಗಿಲ ಹೊರಗೆ ಗಡಿಯಾರ ಹಿಡಿದು ನಿಂತು ಮೊದಲ ದಿನ ಐವತ್ತೆರಡು ನಿಮಿಷ, ಎರಡನೇ ದಿನ ಮೂವತ್ತು, ಮೂರನೇ ದಿನ ಒಂಬತ್ತು ಎಂದು ನಾನು ಬರೆದುಕೊಂಡೆ. ರಕ್ಷಿತಾ ಎರಡು ಸಲ “ಹೋಗಲಿ ಬಿಡ್ರಿ, ಎತಗೊಂಡು ಬರತೀನಿ” ಎಂದು ಎದ್ದಳು. ಅವಳ ಕೈ ಹಿಡಿದು ಕೂರಿಸಿದವನು ನಾನು. ಇಳಿಮುಖ ನೋಡು, ಇಳಿಮುಖ ಎಂದು ಗ್ರಾಫ್ ತೋರಿಸಿದವನೂ ನಾನು. ನಾಲ್ಕನೇ ದಿನ ಎಂಟು ಗಂಟೆ ಎರಡು ನಿಮಿಷಕ್ಕೆ ಪುಟ್ಟವ್ವ ಮಂಚದ ಅಡ್ಡಪಟ್ಟಿಗೆ ಬೆನ್ನು ಒತ್ತಿಕೊಂಡು, ಅಳದೆ, ತನ್ನ ಕಿವಿಯನ್ನು ತಾನೇ ಹಿಡಿದುಕೊಂಡು ನಿದ್ದೆ ಹೋದಳು. ನಾನು ಗೆದ್ದೆ ಎಂದು ಹೆಂಡತಿಯ ಕೈ ಕುಲುಕಿದೆ. ಆ ಕಿವಿಯನ್ನು ಸರಿಯಾಗಿ ನೋಡಿದ್ದರೆ ಕುಲುಕುತ್ತಿರಲಿಲ್ಲ.

ಪೀಣ್ಯದ ದಿನಚರಿ ಶುರುವಾಯಿತು. ಬೆಳಿಗ್ಗೆ ಆರೂಕಾಲಿಗೆ ಕಂಪನಿಯ ಬಿಳಿ ಬಸ್ಸು. ಬೊಮ್ಮನಹಳ್ಳಿಯಲ್ಲಿ ನಿಂತು, ಸಿಲ್ಕ್ ಬೋರ್ಡಿನಲ್ಲಿ ನಿಂತು, ಆಮೇಲೆ ನಿಲ್ಲದ ಜಾಗವೇ ಇಲ್ಲದಂತೆ ನಿಂತು ಒಂಬತ್ತಕ್ಕೆ ಪೀಣ್ಯ. ಸಂಜೆ ಅದೇ ನಿಲುಗಡೆಗಳು ಹಿಂದುಮುಂದಾಗಿ ಒಂಬತ್ತಕ್ಕೆ ಮನೆ. ಪುಟ್ಟವ್ವ ಏಳುವುದು ಏಳೂವರೆಗೆ, ಮಲಗುವುದು ಎಂಟಕ್ಕೆ. ಲೆಕ್ಕ ನೀವೇ ಹಾಕಿ. ನಾನು ಇದನ್ನು ಹಾಕಿರಲಿಲ್ಲ. ಐದು ಏಕೆಗಳನ್ನು ಕೇಳಿದವನಿಗೆ ‘ಎಷ್ಟು ಗಂಟೆಗೆ’ ಎಂದು ಒಂದು ಸಲ ಕೇಳಿಕೊಳ್ಳಲು ಹೊಳೆದಿರಲಿಲ್ಲ.

ಉಳಿದವರೆಲ್ಲ ಸುಖವಾಗಿದ್ದರು. ರಕ್ಷಿತಾಳ ಕಣ್ಣ ಕೆಳಗಿನ ಕಪ್ಪು ಹೋಗಿ, ಏಳನೇ ತರಗತಿಯ ಮಕ್ಕಳ ಹೃದಯ ನಾಲ್ಕು ಕೋಣೆಗೆ ಇಳಿಯಿತು. ಪುಟ್ಟವ್ವನ ಕೆನ್ನೆ ತುಂಬಿಕೊಂಡಿತು. ನಾನು ರಾತ್ರಿ ಬಂದು ಬಾಗಿಲ ಸಂದಿಯಲ್ಲಿ ಒಂದು ಕಣ್ಣಿಟ್ಟು ನೋಡಿದರೆ ಒಂದು ಪುಟ್ಟ ಪಾದ ಕಾಣುತ್ತಿತ್ತು. ಎಡಗಾಲು. ಒಂದು ವಾರ ಬರೀ ಎಡಗಾಲು ನೋಡಿದೆ. ಆಮೇಲೆ ಅವಳು ಮಗ್ಗುಲು ಬದಲಿಸಿದ್ದರಿಂದ ಬಲಗಾಲು.

ಎರಡನೇ ವಾರ ನನಗೆ ಕೆಮ್ಮು ಶುರುವಾಯಿತು. ಬಾಗಿಲ ಬಳಿ ಬಂದಾಗ ಮಾತ್ರ.

“ಏನ್ರಿ ಅದು ಕೆಮ್ಮು?” ರಕ್ಷಿತಾ ಅಡುಗೆಮನೆಯಿಂದ ಪಿಸುಗುಟ್ಟಿದಳು.

“ಪೀಣ್ಯದ ಹೊಗಿ.”

“ಪೀಣ್ಯದ ಹೊಗಿ ಈ ಬಾಗಲಕ್ಕ ಬಂದ ಮ್ಯಾಲೆ ಹೊರಗ ಬರತೈತೇನು? ಎಬ್ಬಸಬ್ಯಾಡ್ರಿ ಸುಮ್ನ. ನಾಕನೇ ನಿಯಮ ಓದ್ರಿ.”

“ಮುಟ್ಟಬಾರದು, ಕರೀಬಾರದು ಅಂತ ಐತಿ. ಕೆಮ್ಮಬಾರದು ಅಂತ ಇಲ್ಲ.”

“ಹಂಗಾರ ನಾಳಿಂದ ಇರತೈತಿ” ಎಂದು ಅವಳು ಕೆಂಪು ಪೆನ್ನು ತಂದು ಲ್ಯಾಮಿನೇಷನ್ ಮೇಲೆಯೇ ಬರೆದಳು. ಅದು ಅಳಿಸಲಿಲ್ಲ. ಇನ್ನೊಂದು ದಿನ ಕೈತಪ್ಪಿ ಸ್ಟೀಲ್ ಡಬ್ಬಿಯ ಮುಚ್ಚಳ ಬಿತ್ತು. (ಮುಚ್ಚಳದ ಮನುಷ್ಯನ ಕೈಯಿಂದ ಮುಚ್ಚಳ ಬೀಳುವುದು ಸಹಜ ಎಂದು ವಾದಿಸಿದೆ.) ಪುಟ್ಟವ್ವ ಮಿಸುಕಲಿಲ್ಲ. ಕೆಳಗಿನ ಮನೆಯ ನಾಯಿ ಮಾತ್ರ ಎದ್ದು ಅರ್ಧ ಗಂಟೆ ಬೊಗಳಿತು. ಆಗಲೂ ಪುಟ್ಟವ್ವ ಮಿಸುಕಲಿಲ್ಲ. ನನ್ನ ಕಾರ್ಯವಿಧಾನ ಅಷ್ಟು ಗಟ್ಟಿಯಾಗಿತ್ತು.

ಕೊನೆಗೆ ಕ್ರಮಬದ್ಧವಾಗಿಯೇ ಹೋಗೋಣ ಎಂದುಕೊಂಡೆ. ಕಾರ್ಖಾನೆಯಲ್ಲಿ ಕಾರ್ಯವಿಧಾನ ಮುರಿಯಬೇಕಾದರೆ ಮೊದಲೇ ವಿನಾಯಿತಿ ಕೋರಿ ಬರೆದುಕೊಡಬೇಕು. ನಮ್ಮ ಹಳೆಯ ಪಾಳಿ ಪುಸ್ತಕದಲ್ಲಿ ಬರೆದೆ: “ಕೋರಿಕೆ: ಈ ಶುಕ್ರವಾರ ಒಂದು ದಿನದ ಮಟ್ಟಿಗೆ ಮಗುವನ್ನು ರಾತ್ರಿ ಒಂಬತ್ತರವರೆಗೆ ಎಚ್ಚರವಿಡುವುದು. ಕಾರಣ: ತಂದೆಗೆ ನೋಡಬೇಕಾಗಿದೆ.” ಮರುದಿನ ಕೆಂಪು ಶಾಯಿಯ ಉತ್ತರ ಬಂತು: “ಕಾರಣ ಸಮರ್ಪಕವಾಗಿಲ್ಲ. ನಿಯಮ ಐದು ನೋಡಿ. ಅಡುಗೆಮನೆಯಲ್ಲಿ ರೊಟ್ಟಿ ಇದೆ, ಬಿಸಿ ಮಾಡಿಕೊಳ್ಳಿ.” ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು. “ಇವತ್ತು ಹೆದ್ದಾರಿಯಲ್ಲಿ ಹೋದ ಬಿಳಿ ಬಸ್ಸಿಗೆಲ್ಲ ಅಪ್ಪ ಅಪ್ಪ ಎಂದು ಕೈ ಬೀಸಿದಳು.” ಆ ರಾತ್ರಿ ರೊಟ್ಟಿಗೆ ಮುಚ್ಚಳ ಮುಚ್ಚಿಟ್ಟು ಹಾಗೇ ಮಲಗಿದೆ.

ಭಾನುವಾರ ಇದೆಯಲ್ಲ ಎನ್ನುತ್ತೀರಿ. ಇತ್ತು. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಾಲಿನಲ್ಲಿ ಚಾಪೆ ಹಾಕಿ, ಜೊಲ್ಲಿನ ಕಲೆಯಿದ್ದ ಹಳೆಯ ಬನಿಯನ್ ಹುಡುಕಿ ಹಾಕಿಕೊಂಡು ಅಂಗಾತ ಮಲಗಿದೆ. ಕೈಕಾಲು ಅಗಲಿಸಿ, ಎದೆಯನ್ನು ಸಾಧ್ಯವಾದಷ್ಟು ಹರವಿಕೊಂಡು. ಪುಟ್ಟವ್ವ ಬಂದಳು. ತಲೆಯ ಹತ್ತಿರ ನಿಂತು ನೋಡಿದಳು. ನಾನು ಉಸಿರು ಬಿಗಿ ಹಿಡಿದೆ. ಅವಳು ಒಳಗೆ ಹೋಗಿ ತನ್ನ ಪುಟ್ಟ ದಿಂಬನ್ನು ಎಳೆದುಕೊಂಡು ಬಂದು ನನ್ನ ತಲೆಯ ಪಕ್ಕ ಇಟ್ಟು, ತುಟಿಯ ಮೇಲೆ ಬೆರಳಿಟ್ಟು “ಶ್ಶ್, ಅಪ್ಪ. ಒಬ್ಬನ ಮಕ್ಕೋ” ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದಳು. ಬಾಗಿಲ ಹೊರಗೆ ಒಂದು ನಿಮಿಷ ನಿಂತಿದ್ದಳು. ನಾನು ಅತ್ತೇನೋ ಎಂದು ನೋಡಲು ಇರಬೇಕು.

ಸೋಮವಾರ ವೆಂಕಟರಮಣಪ್ಪನವರ ಮುಂದೆ ಕೈ ಕಟ್ಟಿ ನಿಂತೆ. “ಸರ್, ನನ್ನ ವಾಪಸ್ ಅತ್ತಿಬೆಲೆಗೆ ಹಾಕ್ರಿ. ರಾತ್ರಿ ಪಾಳಿ ಕೊಟ್ರೂ ನಡೀತದ. ಬರೇ ರಾತ್ರಿ ಪಾಳಿ ಕೊಟ್ರೂ ನಡೀತದ.”

ಅವರು ಫೈಲು ತೆಗೆದು ನನ್ನ ಅರ್ಜಿಯನ್ನು ನನಗೇ ತೋರಿಸಿದರು. “ಇದ್ ನೀವೇ ತಾನೇ ಬರ್ದಿದ್ದು? ತಂದೆಯ ಹಾಜರಿಯೇ ಮೂಲ ಕಾರಣ. ಈಗ ಏನಂತ ಬರೀತೀರಾ, ತಂದೆಯ ಗೈರುಹಾಜರಿಯೇ ಮೂಲ ಕಾರಣ ಅಂತಾನಾ? ಒಂದೇ ಫೈಲಲ್ಲಿ ಎರಡು ಮೂಲ ಕಾರಣ ಆಡಿಟರ್ ಒಪ್ಪಲ್ಲ ಕಣ್ರೀ. ಅಲ್ದೆ ನಿಮ್ ಜಾಗಕ್ಕೆ ಪ್ರಸನ್ನ ಬಂದಾಯ್ತು. ಅದೆಲ್ಲ ಬಿಡಿ, ಒಳ್ಳೆ ಸುದ್ದಿ ಇದೆ. ನಿಮ್ ಈ ಐದು ಏಕೆ ನೋಡಿ ಎಂಡಿ ಸಾಹೇಬ್ರು ಫುಲ್ ಖುಷಿಯಾಗಿದಾರೆ. ಈ ವರ್ಷದ ‘ಮನೆಯಲ್ಲೂ ಗುಣಮಟ್ಟ’ ಪ್ರಶಸ್ತಿ ನಿಮ್ಗೇ! ಬರೋ ಶನಿವಾರ ಆನ್ಯುಯಲ್ ಡೇ. ಫ್ಯಾಮಿಲಿ ಕರ್ಕೊಂಡ್ ಬರ್ಬೇಕು.”

ನಾನು ಕೃತಜ್ಞತೆ ಹೇಳಿ ಹೊರಗೆ ಬಂದೆ.

ಶನಿವಾರ ಬೊಮ್ಮನಹಳ್ಳಿಯ ಕಲ್ಯಾಣ ಮಂಟಪವೊಂದರಲ್ಲಿ ಸಮಾರಂಭ. ಆರಕ್ಕೆ ಶುರುವಾಗಬೇಕಾದ್ದು ಏಳಕ್ಕೆ ಶುರುವಾಯಿತು. ಸ್ವಾಗತ ಮಾಡಿದವರು ಸ್ವಾಗತವನ್ನೇ ಮುಗಿಸಲಿಲ್ಲ. ಗಡಿಯಾರ ಎಂಟು ದಾಟಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ತೊಡೆಯ ಮೇಲೆ ಹೊಸ ಫ್ರಾಕಿನಲ್ಲಿ ಕೂತಿದ್ದ ಪುಟ್ಟವ್ವನ ತಲೆ ತೂಗತೊಡಗಿತು. ಅವಳ ಮಂಚ ಚಂದಾಪುರದಲ್ಲಿತ್ತು. ಲ್ಯಾಮಿನೇಷನ್ ಚಂದಾಪುರದಲ್ಲಿತ್ತು. ನಾನು ರಕ್ಷಿತಾಳ ಕಡೆ ನೋಡಿದೆ. ಅವಳು ವೇದಿಕೆಯ ಕಡೆ ನೋಡುತ್ತಲೇ, “ಇವತ್ತೊಂದು ದಿನ ನಾ ಏನೂ ನೋಡಿಲ್ಲ” ಅಂದಳು.

ನಾನು ಕುರ್ಚಿಯಲ್ಲಿ ಹಿಂದಕ್ಕೆ ಜಾರಿ, ಕೋಟಿನ ಗುಂಡಿ ಬಿಚ್ಚಿದೆ. ಪುಟ್ಟವ್ವ ಕಣ್ಣು ಮುಚ್ಚಿಕೊಂಡೇ ಹತ್ತಿ ಬಂದಳು. ಎದೆಯ ಮೇಲೆ ಕೆನ್ನೆ ಇಟ್ಟಳು. ಕೈ ತಡಕಾಡಿ, ತನ್ನ ಕಿವಿಗೆ ಹೋಗಿ, ಅಲ್ಲಿ ಸ್ವಲ್ಪ ಯೋಚಿಸಿ, ಮೇಲೆ ಬಂದು ನನ್ನ ಕಿವಿ ಹಿಡಿಯಿತು. ಅವಳ ಭಾರ ನನ್ನ ಎದೆಗೆ ಇಳಿಯತೊಡಗಿತು. ನಾಲ್ಕು ತಿಂಗಳಾಗಿತ್ತು, ಮೊದಲಿಗಿಂತ ಇನ್ನಷ್ಟು ಭಾರವಾಗಿದ್ದಳು. ಕಂಪನಿಯ ಟೈ ಮೇಲೆ ಜೊಲ್ಲು ಇಳಿಯಿತು. ಈ ಸ್ವಾಗತ ಭಾಷಣ ಬೆಳಗಾಗುವವರೆಗೆ ನಡೆಯಲಿ ಎಂದು ನಾನು ಮನೆದೇವರಿಗೆ ಹರಕೆ ಹೊತ್ತೆ.

“ಈಗ ‘ಮನೆಯಲ್ಲೂ ಗುಣಮಟ್ಟ’ ಪ್ರಶಸ್ತಿ! ತಂದೆಯ ಸಹಾಯವಿಲ್ಲದೆ ಮಗುವನ್ನು ಮಲಗಿಸುವ ವಿಧಾನ ಕಂಡುಹಿಡಿದ ಶ್ರೀ ಗುರುರಾಜ್!” ಎಂದು ಮೈಕಿನಲ್ಲಿ ವೆಂಕ‌ಟರಮಣಪ್ಪ ಕೂಗಿದರು.

ಚಪ್ಪಾಳೆ. ನಾನು ಏಳಲಿಲ್ಲ. “ಗುರುರಾಜ್ ಎಲ್ಲಿದೀರಾ? ಬನ್ನಿ ಬನ್ನಿ.” ಮತ್ತೂ ಏಳಲಿಲ್ಲ. ಮುಂದಿನ ಸಾಲಿನವರು ಹಿಂತಿರುಗಿ ನೋಡಿದರು. ಎಂಡಿ ಸಾಹೇಬರು ಪ್ರಶಸ್ತಿ ಹಿಡಿದುಕೊಂಡು ನಿಂತಿದ್ದರು. ಮೂರನೇ ಸಲ ಹೆಸರು ಕೂಗಿದಾಗ ನನ್ನ ಕಾಲು, ಹದಿನಾಲ್ಕು ವರ್ಷ ಸೈರನ್ನಿಗೆ ಎದ್ದು ಅಭ್ಯಾಸವಾದ ಕಾಲು, ನನ್ನನ್ನು ಕೇಳದೆಯೇ ಎದ್ದುಬಿಟ್ಟಿತು. ನನ್ನ ಕಿವಿಯಿಂದ ಆ ಐದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಪಾಳಿ ಬದಲಾಗುವಾಗ ಮಾಡುವಂತೆ ಮಗುವನ್ನು ರಕ್ಷಿತಾಳ ಕೈಗೆ ಒಪ್ಪಿಸಿದೆ. ಏಳಬಾರದಿತ್ತು. ಎಂಡಿ ಕೈಯಲ್ಲಿದ್ದ ಆ ಗಾಜಿನ ತುಂಡು ಇನ್ನೊಂದು ಗಂಟೆ ಕಾಯುತ್ತಿರಲಿಲ್ಲವೇ?

ವೇದಿಕೆಯಲ್ಲಿ ನನ್ನ ಐದು ಏಕೆಗಳನ್ನು ಗೋಡೆಯಗಲದ ಪರದೆಯ ಮೇಲೆ ಹಾಕಿದ್ದರು. “ಗುರುರಾಜ್, ಕೊನೇ ಏಕೆಗೆ ಉತ್ತರ ನಿಮ್ ಬಾಯಲ್ಲೇ ಕೇಳೋಣ” ಎಂದು ವೆಂಕಟರಮಣಪ್ಪ ಮೈಕು ಕೊಟ್ಟರು. ಅಪ್ಪ ಏಕೆ ರೂಢಿ ಮಾಡಿಸಿದ? ಇಷ್ಟವಾಗಿದ್ದರಿಂದ. ಒಂದೇ ಪದದ ಉತ್ತರವಾಗಿತ್ತು, ಬಾಯಿಯ ತನಕ ಬಂದಿತ್ತು. ಎಂಡಿ ಸಾಹೇಬರ ಮುಖ ನೋಡಿದೆ. “ತರಬೇತಿಯ ಕೊರತೆಯಿಂದ” ಎಂದು ಓದಿದೆ. ಜೋರು ಚಪ್ಪಾಳೆ ಬಿತ್ತು.

ಓಡಿ ಬಂದೆ. ಪುಟ್ಟವ್ವ ಎದ್ದು ಅಳುತ್ತಿರಬಹುದು, “ಅಪ್ಪ, ಎದಿ” ಎನ್ನುತ್ತಿರಬಹುದು ಎಂದು ಆಸೆಯಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಸೆಯೇ. ರಕ್ಷಿತಾ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಎದುರುಬದುರು ಜೋಡಿಸಿದ್ದಳು. ಅದರ ಮೇಲೆ ಪುಟ್ಟವ್ವ, ಬೆನ್ನನ್ನು ಕುರ್ಚಿಯ ಬದಿಗೆ ಒತ್ತಿಕೊಂಡು, ತನ್ನ ಕಿವಿಯನ್ನು ತಾನೇ ಹಿಡಿದುಕೊಂಡು ಸುಖವಾಗಿ ಮಲಗಿದ್ದಳು.

“ಕಣ್ಣ ತಗೀಲಿಲ್ಲೇನು?”

“ಇಲ್ರಿ. ಇಟ್ಟ ಕೂಡ್ಲೆ ಮಲಗಿದ್ಳು” ಅಂದಳು ರಕ್ಷಿತಾ. ಇದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. “ನೀವ ಕಲಿಸಿದ್ದಲ್ಲೇನು?”

ಎರಡು ಕುರ್ಚಿಗಳ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಪ್ರಶಸ್ತಿ ಇಟ್ಟುಕೊಂಡು ಕೂತೆ. ಅದೂ ಸಾಕಷ್ಟು ಭಾರವಿತ್ತು.

ಊಟದ ಹೊತ್ತಿಗೆ ನನ್ನ ಜಾಗಕ್ಕೆ ಬಂದ ಪ್ರಸನ್ನ ಹುಡುಕಿಕೊಂಡು ಬಂದ. ಸರ್ಜಾಪುರದ ಹುಡುಗ, ಮದುವೆಯಾಗಿ ಎರಡು ವರ್ಷ. ಕಣ್ಣು ಕೆಂಪಗಿತ್ತು. ಬನಿಯನ್ ಕಾಣದಿದ್ದರೂ ಶರ್ಟಿನ ಎದೆಯ ಮೇಲೆ ಎಂಥದೋ ಕಲೆ ಇತ್ತು. ನನಗೆ ಆ ಕಲೆಯ ಗುರುತು ಸಿಕ್ಕಿತು.

“ಸಾರ್, ಸಕ್ಕತ್ತಾಗಿತ್ತು ಸಾರ್ ನಿಮ್ ಐಡಿಯಾ. ನಂಗೂ ಮೂರ್ ತಿಂಗ್ಳ ಮಗ ಇದಾನೆ. ನೈಟ್ ಶಿಫ್ಟ್ ಮುಗ್ಸಿ ಬಂದ್ರೆ ಸಾಕು, ನನ್ ಮೈಮೇಲೇ ಮಲಗ್ಬೇಕು ಅವ್ನು. ಕೈ ಆಡ್ಸಂಗಿಲ್ಲ, ಕಾಲ್ ಆಡ್ಸಂಗಿಲ್ಲ. ನಿಮ್ ಆ ರೂಲ್ಸ್ ಲ್ಯಾಮಿನೇಷನ್ ಮಾಡ್ಸಿದೀರಂತಲ್ಲ, ಒಂದ್ ಜೆರಾಕ್ಸ್ ಕೊಡ್ತೀರಾ ಸಾರ್?”

“ಕೊಡತೀನಿ” ಅಂದೆ.

ಅದಾಗಿ ಏಳೆಂಟು ತಿಂಗಳಾಯಿತು. ಅವನು ಪಾಳಿ ಬದಲಾದಾಗಲೆಲ್ಲ ಫೋನು ಮಾಡಿ ಕೇಳುತ್ತಲೇ ಇದ್ದಾನೆ. ಲ್ಯಾಮಿನೇಷನ್ ಮಾಡಿದ ಕಾಗದ ಜೆರಾಕ್ಸ್ ಮಿಷಿನ್ನಿನಲ್ಲಿ ಬರುವುದಿಲ್ಲಪ್ಪ, ಬರೀ ಕಪ್ಪಗೆ ಬರುತ್ತದೆ ಎಂದು ನಾನು ಹೇಳುತ್ತಲೇ ಇದ್ದೇನೆ.